ಮನೆಯ ಕ್ರಿಸ್‌ಮಸ್ ಆಚರಣೆಗಳು: ಯಾವುದನ್ನು ಉಳಿಸಿಕೊಳ್ಳಬೇಕು, ಏಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಹಬ್ಬವನ್ನು ಪೂರ್ತಿಯಾಗಿ ನಡೆಸುತ್ತಿದ್ದವರು ನಮ್ಮ ಅತ್ತೆ. ಗೋದಲಿ ಕಟ್ಟಿಸುವುದು, ನಕ್ಷತ್ರ ತೂಗುಹಾಕುವುದು, ಮರ ಸಿಂಗರಿಸುವುದು, ಯಾರಿಗೆ ಯಾವ ಉಡುಗೊರೆ ಎಂದು ನಿರ್ಧರಿಸುವುದು, ಮಧ್ಯರಾತ್ರಿಯ ಪೂಜೆಗೆ ಎಲ್ಲರನ್ನೂ ಹೊರಡಿಸುವುದು, ಎಲ್ಲವೂ ಅವರದೇ ಕೆಲಸವಾಗಿತ್ತು. ಈ ವರ್ಷ ಅವರು ತೀರಿಕೊಂಡರು. ಈಗ ಹೊಣೆಯೆಲ್ಲ ನನ್ನ ಮೇಲೆ ಬಿದ್ದಿದೆ. ಹನ್ನೆರಡು ವರ್ಷದ ಮಗಳು “ಇದನ್ನೆಲ್ಲ ಯಾಕಮ್ಮ ಮಾಡಬೇಕು, ಇದರ ಅರ್ಥ ಏನು?” ಎಂದು ಕೇಳುತ್ತಾಳೆ. ಮರವೂ ಕ್ರಿಸ್‌ಮಸ್ ತಾತನೂ ಅನ್ಯಜನರ ಪದ್ಧತಿ, ಬೈಬಲಿನಲ್ಲಿ ಇಲ್ಲವೇ ಇಲ್ಲ, ಬಿಟ್ಟುಬಿಡೋಣ ಎಂದು ಮೈದುನ ಹೇಳುತ್ತಾರೆ. ಯಾವುದಕ್ಕೆ ನಿಜವಾದ ಅರ್ಥವಿದೆ, ಯಾವುದನ್ನು ಬಿಡಬಹುದು ಎಂಬುದನ್ನು ತಿಳಿಸುವಿರಾ?

ಉತ್ತರ: ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಮೈದುನರು ಕೇಳುತ್ತಿರುವುದು ಈ ಆಚರಣೆಗಳು ಎಲ್ಲಿಂದ ಬಂದವು ಎಂದು. ಮಗಳು ಕೇಳುತ್ತಿರುವುದು ಅವುಗಳ ಅರ್ಥವೇನು ಎಂದು. ಮೂಲವನ್ನು ಪತ್ತೆಹಚ್ಚಿದರೆ ಅರ್ಥವೂ ಕೈಗೆ ಸಿಕ್ಕಂತೆಯೇ ಎಂದು ನಂಬುವವರು ಬಹಳ. ಹಬ್ಬದ ಹೊತ್ತಿಗೆ ಮನೆಮನೆಯಲ್ಲಿ ಏಳುವ ವಾದಗಳಲ್ಲಿ ಹೆಚ್ಚಿನವು ಈ ನಂಬಿಕೆಯಿಂದಲೇ ಹುಟ್ಟುತ್ತವೆ. ಆದುದರಿಂದ ಮೊದಲು ಮೂಲದ ಮಾತನ್ನು ಮುಗಿಸಿ, ಆಮೇಲೆ ಮಗಳ ಪ್ರಶ್ನೆಗೆ ಬರುತ್ತೇನೆ. ಅವಳ ಪ್ರಶ್ನೆಯೇ ಹೆಚ್ಚು ಕಠಿಣವಾದದ್ದು.

ಯೇಸು ಹುಟ್ಟಿದ ದಿನಾಂಕವನ್ನು ಅವನ ಜೀವನವನ್ನು ಹೇಳುವ ಬೈಬಲಿನ ಸುವಾರ್ತೆಗಳು ಹೇಳುವುದಿಲ್ಲ. ಡಿಸೆಂಬರ್ 25ರಂದು ಆ ಜನನವನ್ನು ಸ್ಮರಿಸುತ್ತಿದ್ದರೆಂಬುದಕ್ಕೆ ನಮಗೆ ಸಿಗುವ ಹಳೆಯ ದಾಖಲೆ ಕ್ರಿ.ಶ. 354ರಲ್ಲಿ ರೋಮ್ ನಗರದಲ್ಲಿ ಸಂಕಲಿಸಿದ ಒಂದು ಪಂಚಾಂಗ. ಅದರಲ್ಲಿ ಸೇರಿರುವ ಪಟ್ಟಿ 336ರಷ್ಟು ಹಿಂದಿನದೆಂದು ವಿದ್ವಾಂಸರು ಎಣಿಸುತ್ತಾರೆ. ಅದೇ ಸಂಕಲನದ ಇನ್ನೊಂದು ಭಾಗದಲ್ಲಿ ಅದೇ ದಿನಕ್ಕೆ ‘ಅಜೇಯನ ಜನ್ಮದಿನ’ ಎಂಬ ನಮೂದೂ ಇದೆ. ಚಕ್ರವರ್ತಿ ಔರೇಲಿಯನ್ 274ರಲ್ಲಿ ಅಜೇಯ ಸೂರ್ಯನಿಗೆ ರೋಮಿನಲ್ಲಿ ದೇಗುಲ ಕಟ್ಟಿಸಿದ್ದನಾದ್ದರಿಂದ, ಸೂರ್ಯನ ಹಬ್ಬದ ಮೇಲೆಯೇ ಕ್ರೈಸ್ತರು ತಮ್ಮ ಹಬ್ಬವನ್ನು ಇರಿಸಿದರು ಎಂಬ ವಾದ ಹುಟ್ಟಿತು. ಇನ್ನೊಂದು ವಾದದ ಪ್ರಕಾರ, ಯೇಸು ಮರಿಯಳ ಗರ್ಭದಲ್ಲಿ ಮೂಡಿದ ದಿನ ಮಾರ್ಚ್ 25 ಎಂದು ಆದಿಯ ಕ್ರೈಸ್ತರಲ್ಲಿ ಕೆಲವರು ಲೆಕ್ಕ ಹಾಕಿದ್ದರಿಂದ, ಒಂಬತ್ತು ತಿಂಗಳ ನಂತರದ ದಿನ ತಾನಾಗಿಯೇ ಹಬ್ಬವಾಯಿತು. ಎರಡು ವಾದಗಳಿಗೂ ಇಂದಿಗೂ ಗಂಭೀರ ಸಮರ್ಥಕರಿದ್ದಾರೆ. ಅರ್ಮೇನಿಯಾದ ಕ್ರೈಸ್ತ ಸಭೆ (ಚರ್ಚ್) ಈ ಜನನವನ್ನು ಜನವರಿ 6ರಂದು ಆಚರಿಸುತ್ತದೆ. ಹಳೆಯ ಜೂಲಿಯನ್ ಪಂಚಾಂಗವನ್ನು ಪಾಲಿಸುವ ಸಭೆಗಳಿಗೆ ಕ್ರಿಸ್‌ಮಸ್ ಬರುವುದು ನಮ್ಮ ಲೆಕ್ಕದ ಜನವರಿ 7ರಂದು. ದಿನಾಂಕವನ್ನೇ ಮುಂದಿಟ್ಟುಕೊಂಡು ಹಬ್ಬ ಅನ್ಯಜನರದ್ದು ಎಂದು ತೀರ್ಪು ಕೊಡಲು ಸಾಲುವಷ್ಟು ಆಧಾರ ಇಲ್ಲ ಎಂದಷ್ಟೇ ಇದರಿಂದ ಹೇಳಬಹುದು.

ಮರದ ವಿಷಯದಲ್ಲಿ ಮೈದುನರ ವಾದ ಇನ್ನೂ ದುರ್ಬಲವಾಗಿದೆ. ಚಳಿಗಾಲದ ನಡುವೆ ಹಸಿರು ಕೊಂಬೆಗಳಿಂದ ಮನೆಯನ್ನು ಅಲಂಕರಿಸುವ ರೂಢಿ ಪುರಾತನ ರೋಮನ್ನರಲ್ಲಿ ಇತ್ತೆಂಬುದು ನಿಜ. ಆದರೆ ಆ ಕೊಂಬೆಗಳಿಂದ ಇಂದಿನ ಕ್ರಿಸ್‌ಮಸ್ ಮರದವರೆಗೆ ಕಡಿಯದೆ ಬಂದ ಎಳೆಯೊಂದನ್ನು ಯಾರೂ ತೋರಿಸಿಲ್ಲ. ನಮಗೆ ಖಚಿತವಾಗಿ ಕಾಣುವ ಮರ ಬೇರೆ ಕಡೆಯಿಂದ ಬಂದದ್ದು. ಮಧ್ಯಯುಗದ ಜರ್ಮನ್ ನಾಡುಗಳಲ್ಲಿ ಡಿಸೆಂಬರ್ 24 ಆದಾಮ ಮತ್ತು ಏವಳ ದಿನವಾಗಿತ್ತು. ಆ ದಿನ ಆಡುತ್ತಿದ್ದ ಏದೆನ್ ತೋಟದ ನಾಟಕಕ್ಕೆ ಸೇಬುಗಳನ್ನು ಕಟ್ಟಿದ ಮರವೊಂದು ಬೇಕಾಗುತ್ತಿತ್ತು. ಅದು ನಾಟಕದಿಂದ ಮನೆಯ ಹಜಾರಕ್ಕೆ ಬಂದಿತೆಂದು ಹಲವರು ಊಹಿಸುತ್ತಾರೆ. ಸ್ಟ್ರಾಸ್‌ಬರ್ಗ್ ನಗರದ ಜನರು ಬಣ್ಣದ ಕಾಗದದ ಗುಲಾಬಿ, ಸೇಬು, ತೆಳುರೊಟ್ಟಿ, ಸಕ್ಕರೆಗಳನ್ನು ತೂಗುಹಾಕಿದ ಫರ್ ಮರಗಳನ್ನು ಮನೆಯೊಳಗೆ ನಿಲ್ಲಿಸುತ್ತಾರೆ ಎಂದು 1605ರ ಒಂದು ಬರಹ ಹೇಳುತ್ತದೆ. ಮುಂದೆ ಅದು ಬಹುಕಾಲ ಲೂಥರನ್ ಮನೆಗಳ, ಅಂದರೆ ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ ಮಾರ್ಟಿನ್ ಲೂಥರನ ಅನುಯಾಯಿಗಳ ಮನೆಗಳ, ಗುರುತಾಗಿಯೇ ಉಳಿಯಿತು. ಮಾರ್ಟಿನ್ ಲೂಥರನೇ ಮೊದಲು ಮರಕ್ಕೆ ದೀಪ ಹಚ್ಚಿದನೆಂಬ ಕಥೆಗೆ ಮಾತ್ರ ಆತನ ಕಾಲದ ಆಧಾರವಿಲ್ಲ. ಭಕ್ತರ ಕಡೆಯವರೂ ಕಥೆ ಕಟ್ಟುವುದರಲ್ಲಿ ಹಿಂದೆ ಬಿದ್ದವರಲ್ಲ. 1848ರಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ವಿಕ್ಟೋರಿಯಾ ರಾಣಿ, ಆಕೆಯ ಜರ್ಮನ್ ಪತಿ ಆಲ್ಬರ್ಟ್ ಮತ್ತು ಮಕ್ಕಳು ಮರದ ಸುತ್ತ ನಿಂತಿರುವ ಚಿತ್ರವನ್ನು ಅಚ್ಚು ಹಾಕಿದ ಮೇಲೆ, ಮಧ್ಯಮ ವರ್ಗದ ಮನೆಗಳು ಅದನ್ನು ಭರದಿಂದ ಅನುಕರಿಸಿದವು. ಕ್ಯಾಥೊಲಿಕ್ ಸಭೆಯ ಕೇಂದ್ರವಾದ ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ ಮರ ನಿಂತದ್ದು 1982ರಲ್ಲಿ, ಪೋಪ್ ಎರಡನೇ ಜಾನ್ ಪಾಲ್ ಅವರ ಕಾಲದಲ್ಲಿ. ಅಂದರೆ ಒಂದು ಪಂಗಡದ ಮನೆಗಳ ವಾಡಿಕೆ ಇನ್ನೊಂದು ಪಂಗಡದ ಹೃದಯಸ್ಥಾನವನ್ನು ತಲುಪಲು ಸುಮಾರು ನಾಲ್ಕು ಶತಮಾನಗಳು ಬೇಕಾದವು.

ಗೋದಲಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಮೊಳೆಯುವುದು ಅಲ್ಲಿಯೇ. 1223ರ ಕ್ರಿಸ್‌ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಊರಿನಲ್ಲಿ, ಅಸ್ಸಿಸಿಯ ಸಂತ ಫ್ರಾನ್ಸಿಸರು ಒಂದು ಗೋದಲಿಯನ್ನು ಸಿದ್ಧಪಡಿಸಿ, ಹುಲ್ಲು ತರಿಸಿ, ಒಂದು ಎತ್ತು ಮತ್ತು ಒಂದು ಕತ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿ, ಅಲ್ಲಿಯೇ ಬಲಿಪೂಜೆ ನಡೆಯುವಂತೆ ಮಾಡಿದರು. ಕೆಲವೇ ವರ್ಷಗಳ ನಂತರ ಅವರ ಚರಿತ್ರೆಯನ್ನು ಬರೆದ ಚೆಲಾನೊದ ಥಾಮಸ್ ಇದನ್ನು ದಾಖಲಿಸಿದ್ದಾನೆ. ಅಲ್ಲಿ ಬೊಂಬೆಗಳ ಸಾಲು ಇರಲಿಲ್ಲ. ಪಂಜು, ಮೇಣದಬತ್ತಿಗಳನ್ನು ಹಿಡಿದು ಬಂದ ಊರ ಜನರೇ ಇದ್ದರು. ಆ ಶಿಶು ಎಂಥ ಬಡತನದಲ್ಲಿ, ಹಾಸಿಗೆಯೂ ಇಲ್ಲದೆ ಹುಲ್ಲಿನ ಮೇಲೆ ಮಲಗಿತ್ತೆಂಬುದನ್ನು ಕಣ್ಣಾರೆ ಕಾಣಬೇಕೆಂಬುದು ಫ್ರಾನ್ಸಿಸರ ಆಸೆಯಾಗಿತ್ತು. ಎತ್ತು, ಕತ್ತೆಗಳು ಲೂಕನ ಸುವಾರ್ತೆಯಲ್ಲಿ ಇಲ್ಲ. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಅರಿತಿವೆ ಎನ್ನುವ ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದ ಮಾತಿನಿಂದ ಅವು ಜನನದ ಚಿತ್ರಗಳೊಳಗೆ ಬಂದು ಸೇರಿಕೊಂಡವು.

ಈ ಗೋದಲಿ ಮನೆಗಳಿಗೆ ಬಂದ ಬಗೆಗಳಲ್ಲಿ ನನಗೆ ಬಹಳ ಹಿಡಿಸುವುದು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದ ಕಥೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಚರ್ಚುಗಳು ಮುಚ್ಚಿ ಸಾರ್ವಜನಿಕ ಗೋದಲಿಗಳು ನಿಂತುಹೋದಾಗ, ಜನರು ಪುಟ್ಟ ಮಣ್ಣಿನ ಬೊಂಬೆಗಳಿಂದ ಮನೆಯೊಳಗೆ ಗೋದಲಿ ಕಟ್ಟತೊಡಗಿದರು. 1803ರ ಹೊತ್ತಿಗೆ ಮಾರ್ಸೇ ನಗರದಲ್ಲಿ ಆ ಬೊಂಬೆಗಳ ಜಾತ್ರೆಯೇ ಶುರುವಾಯಿತು. ಇಂದಿಗೂ ಅದು ನಡೆಯುತ್ತಿದೆ. ಆ ಗೋದಲಿಗಳಲ್ಲಿ ಮರಿಯಳು, ಜೋಸೆಫ್, ಕುರುಬರು ಮಾತ್ರವಲ್ಲ, ರೊಟ್ಟಿ ಸುಡುವವನು, ಗಿರಣಿಯವನು, ಮೀನು ಮಾರುವವಳು, ಚೂರಿ ಸಾಣೆ ಹಿಡಿಯುವವನು, ಸೌದೆ ಹೊತ್ತ ಮುದುಕಿ, ಹೀಗೆ ಊರಿಗೆ ಊರೇ ನಿಂತಿರುತ್ತದೆ. ಬೇತ್ಲೆಹೇಮಿನಲ್ಲಿ ಇವರು ಯಾರೂ ಇರಲಿಲ್ಲ ಎಂಬುದು ಬೊಂಬೆ ಮಾಡುವವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಇಟ್ಟರು, ಏಕೆಂದರೆ ಮನೆಯ ಗೋದಲಿ ಹಳೆಯ ಘಟನೆಯ ನಕಲಾಗಿರುವುದಕ್ಕಿಂತ ಹೆಚ್ಚಾಗಿ, ಆ ಘಟನೆಯ ಮುಂದೆ ತಾವು ಎಲ್ಲಿ ನಿಂತಿದ್ದೇವೆ ಎಂದು ಕಾಣಿಸುವ ಬಗೆಯಾಗಿತ್ತು.

ಮನೆಯ ಆಚರಣೆಗೆ ಅರ್ಥ ಬರುವುದು ಅದು ಎಲ್ಲಿ ಹುಟ್ಟಿತು ಎಂಬುದರಿಂದಲ್ಲ. ಅದು ಯಾವ ಕಥೆಯನ್ನು ಹೇಳುತ್ತದೆ ಮತ್ತು ಆ ಕಥೆಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಯಾವ ಸ್ಥಾನ ಕೊಡುತ್ತದೆ ಎಂಬುದರಿಂದ. ಮಗಳಿಗೆ ಮೊದಲು ಹೇಳಬೇಕಾದದ್ದು ಇದನ್ನೇ.

ಕ್ರಿಸ್‌ಮಸ್ ಅನಾದಿಯಿಂದಲೂ ಕುಟುಂಬದ ಹಬ್ಬವಾಗಿತ್ತು ಎಂಬ ಕಲ್ಪನೆಯನ್ನೂ ಇಲ್ಲಿ ಸ್ವಲ್ಪ ಸಡಿಲಿಸಬೇಕಾಗಿದೆ. ಚರ್ಚಿನೊಳಗೆ ಅದು ಆರಾಧನೆಯ ಹಬ್ಬವಾಗಿತ್ತು. ಹೊರಗೆ, ಯೂರೋಪಿನ ಬಹಳ ಕಡೆ, ಅದು ಬೀದಿಯ ಹಬ್ಬವಾಗಿತ್ತು. ಕೊಯ್ಲು ಮುಗಿದು ಕೆಲಸ ಕಡಿಮೆಯಿರುವ ಕಾಲದಲ್ಲಿ ಆಳುಕಾಳುಗಳು ಗುಂಪುಕಟ್ಟಿಕೊಂಡು ಉಳ್ಳವರ ಬಾಗಿಲಿಗೆ ಹೋಗಿ, ಹಾಡಿ, ಊಟವನ್ನೂ ಮದ್ಯವನ್ನೂ ಹಕ್ಕಿನಿಂದ ಕೇಳುತ್ತಿದ್ದರು. ಈ ಗದ್ದಲವನ್ನೂ, ಬೈಬಲಿನಲ್ಲಿ ಆಧಾರವಿಲ್ಲದಿರುವುದನ್ನೂ ಕಂಡು ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಸುಧಾರಕರು ಹಬ್ಬವನ್ನೇ ತೆಗೆದುಹಾಕಲು ಹೊರಟರು. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಅದನ್ನು ರದ್ದುಪಡಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡ ವಿಧಿಸುವ ಕಾನೂನು 1659ರಿಂದ 1681ರವರೆಗೆ ಇತ್ತು. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ನಿಮ್ಮ ಮೈದುನರ ಮಾತಿಗೆ ಕ್ರೈಸ್ತ ಇತಿಹಾಸದಲ್ಲೇ ಗೌರವದ ಪೂರ್ವಿಕರಿದ್ದಾರೆ ಎಂಬುದನ್ನು ಒಪ್ಪಿಕೊಳ್ಳೋಣ. ಆದರೆ ಆ ಪೂರ್ವಿಕರು ಮರವನ್ನಷ್ಟೇ ಬಿಡಲಿಲ್ಲ. ಇಡೀ ಹಬ್ಬವನ್ನೇ ಬಿಟ್ಟರು. ಬೈಬಲಿನಲ್ಲಿ ಇಲ್ಲದ್ದು ಬೇಡ ಎಂಬ ಅಳತೆಗೋಲನ್ನು ನಿಷ್ಠೆಯಿಂದ ಹಿಡಿದರೆ ಗೋದಲಿಯ ಎತ್ತೂ ಹೋಗಬೇಕು, ಡಿಸೆಂಬರ್ 25 ಕೂಡ ಹೋಗಬೇಕು.

ಬೀದಿಯ ಹಬ್ಬ ಮನೆಯೊಳಗೆ ಬಂದು, ಮಕ್ಕಳು ಅದರ ನಡುಗಂಬವಾದದ್ದು ಹೆಚ್ಚಾಗಿ 19ನೇ ಶತಮಾನದಲ್ಲಿ. ನಾವು ತಲೆತಲಾಂತರದ್ದೆಂದು ತಿಳಿಯುವ ಎಷ್ಟೋ ಸಂಗತಿಗಳು ಆ ಕಾಲದವು. 1843ರಲ್ಲಿ ಹೆನ್ರಿ ಕೋಲ್ ಎಂಬಾತ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಕ್ರಿಸ್‌ಮಸ್ ಶುಭಾಶಯ ಪತ್ರದಲ್ಲಿ ನಡುವೆ ಮೂರು ತಲೆಮಾರಿನ ಒಂದು ಕುಟುಂಬ ಊಟಕ್ಕೆ ಕುಳಿತಿದೆ. ಎರಡು ಬದಿಗಳಲ್ಲಿ ಬಡವರಿಗೆ ಅನ್ನವನ್ನೂ ಬಟ್ಟೆಯನ್ನೂ ಕೊಡುವ ದೃಶ್ಯಗಳಿವೆ. ಪುಟ್ಟ ಮಗುವಿಗೂ ದ್ರಾಕ್ಷಾರಸ ಕುಡಿಸುತ್ತಿರುವಂತೆ ಬರೆದಿದ್ದಾರೆಂದು ಮದ್ಯವಿರೋಧಿಗಳು ಆಕ್ಷೇಪಿಸಿದರಂತೆ! ಕ್ರಿಸ್‌ಮಸ್ ತಾತನೂ ಹೀಗೆಯೇ. ಇಂದಿನ ಟರ್ಕಿಯಲ್ಲಿದ್ದ ಮೈರಾ ಎಂಬ ಊರಿನ ಬಿಷಪ್ ಸಂತ ನಿಕೋಲಾಸರ ಹಬ್ಬ ಡಿಸೆಂಬರ್ 6ರಂದು. ಆ ದಿನ ಮಕ್ಕಳಿಗೆ ಕಾಣಿಕೆ ಕೊಡುವ ರೂಢಿ ಯೂರೋಪಿನಲ್ಲಿ ಹಳೆಯದು. ಆ ಸಂತನನ್ನು ಜಿಂಕೆಬಂಡಿಯ ಉಲ್ಲಾಸದ ಮುದುಕನನ್ನಾಗಿ ಮಾಡಿದ್ದು 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಪ್ರಕಟವಾದ ಒಂದು ಪದ್ಯ ಮತ್ತು 1863ರಿಂದ ಮುಂದೆ ಅಮೆರಿಕದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಬರೆದ ಚಿತ್ರಗಳು. ತಂಪು ಪಾನೀಯದ ಕಂಪನಿಯೊಂದು ಅವನಿಗೆ ಕೆಂಪು ಅಂಗಿ ತೊಡಿಸಿತು ಎಂಬ ಮಾತು ಸುಳ್ಳು; ಆ ಜಾಹೀರಾತುಗಳು ಬಂದದ್ದು 1931ರಲ್ಲಿ, ಕೆಂಪು ಅಂಗಿ ಅದಕ್ಕಿಂತ ಮೊದಲೇ ಇತ್ತು.

ಹಾಗಾದರೆ ಅರ್ಥ? ಹಸಿರು ಎಂದರೆ ನಿತ್ಯಜೀವ, ಕೆಂಪು ಎಂದರೆ ಕ್ರಿಸ್ತನ ರಕ್ತ, ಕೊಕ್ಕೆಯಾಕಾರದ ಮಿಠಾಯಿ ಎಂದರೆ ಯೇಸುವಿನ ಹೆಸರಿನ ಇಂಗ್ಲಿಷ್ ಮೊದಲಕ್ಷರ ಎಂಬಂಥ ಪಟ್ಟಿಗಳು ಹಬ್ಬದ ಹೊತ್ತಿಗೆ ಎಲ್ಲೆಡೆ ಹರಿದಾಡುತ್ತವೆ. ಇವುಗಳಲ್ಲಿ ಹೆಚ್ಚಿನವು ಆಚರಣೆ ಬಂದ ಎಷ್ಟೋ ಕಾಲದ ಮೇಲೆ ಅಂಟಿಸಿದ ವಿವರಣೆಗಳು. ಮಿಠಾಯಿಯ ಕಥೆಗಂತೂ ಚಾರಿತ್ರಿಕ ಆಧಾರವೇ ಇಲ್ಲ. ಪುಟ್ಟ ಮಕ್ಕಳಿಗೆ ಉಪದೇಶಕ್ಕೆಂದು ಹೇಳುವುದರಲ್ಲಿ ತಪ್ಪೇನೂ ಕಾಣದು. ಆದರೆ ಹನ್ನೆರಡು ವರ್ಷದ ಹುಡುಗಿಯ ಕೈಗೆ ಅದನ್ನು ಇತಿಹಾಸವೆಂದು ಕೊಟ್ಟರೆ, ಒಂದು ದಿನ ಅದು ಸುಳ್ಳೆಂದು ಅವಳೇ ಕಂಡುಕೊಂಡು, ಅದರ ಜೊತೆಗೆ ಹೇಳಿದ ನಿಜವಾದ ಮಾತುಗಳನ್ನೂ ಅನುಮಾನಿಸುತ್ತಾಳೆ. ವಸ್ತುಗಳಿಗೆ ಅರ್ಥ ಹುಡುಕುವುದಕ್ಕಿಂತ, ಮನೆಯವರು ಸೇರಿ ಏನು ಮಾಡುತ್ತಾರೆ ಎಂಬುದನ್ನು ನೋಡುವುದು ಒಳ್ಳೆಯದು. ಹಾಗೆ ನೋಡಿದಾಗ ನನಗೆ ಮುಖ್ಯವಾಗಿ ಕಾಣುವ ಕ್ರಿಯೆಗಳು ಮೂರು: ಕಾಯುವುದು, ಜಾಗ ಮಾಡಿಕೊಡುವುದು, ಕೊಡುವುದು.

ಕಾಯುವುದನ್ನು ಕಲಿಸಲೆಂದೇ ಹುಟ್ಟಿದ ಆಚರಣೆ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರಗಳ, ದೀಪಗಳ ಬಳೆ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಬಳಿ ಬಡ ಮಕ್ಕಳ ಆಶ್ರಮವೊಂದನ್ನು ನಡೆಸುತ್ತಿದ್ದ ಪಾದ್ರಿ ಯೋಹಾನ್ ಹಿನ್ರಿಖ್ ವಿಖರ್ನ್, ಕ್ರಿಸ್‌ಮಸ್ ಯಾವಾಗ, ಯಾವಾಗ ಎಂದು ದಿನವೂ ಪೀಡಿಸುತ್ತಿದ್ದ ಮಕ್ಕಳಿಗಾಗಿ ಒಂದು ಚಕ್ರದ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಮೇಣದಬತ್ತಿಗಳನ್ನೂ ವಾರದ ದಿನಗಳಿಗೆ ಸಣ್ಣ ಬತ್ತಿಗಳನ್ನೂ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದ. ಮನೆಗಳಿಗೆ ಬರುವಷ್ಟರಲ್ಲಿ ನಾಲ್ಕೇ ಉಳಿದವು. ಅದೇ ಶತಮಾನದಲ್ಲಿ ಜರ್ಮನ್ ಕುಟುಂಬಗಳು ಬಾಗಿಲ ಮೇಲೆ ಸೀಮೆಸುಣ್ಣದಿಂದ ಗೆರೆಗಳನ್ನು ಎಳೆದು ದಿನಕ್ಕೊಂದನ್ನು ಮಕ್ಕಳಿಂದ ಅಳಿಸುತ್ತಿದ್ದವು. ಇಂದಿನ ಪುಟ್ಟ ಕಿಟಕಿಗಳ ಕ್ಯಾಲೆಂಡರ್ ಅದರ ಮೊಮ್ಮಗು. ಗೋದಲಿಯನ್ನು ಮೊದಲೇ ಕಟ್ಟಿ ಬಾಲಯೇಸುವಿನ ಬೊಂಬೆಯನ್ನು ಮಾತ್ರ ಮಧ್ಯರಾತ್ರಿಯಲ್ಲಿ ಇಡುವ ಮನೆಗಳೂ, ಶಿಶುವನ್ನು ಕಾಣಲು ಬಂದ ಮೂವರು ಜ್ಞಾನಿಗಳ ಬೊಂಬೆಗಳನ್ನು ಕೋಣೆಯ ಇನ್ನೊಂದು ತುದಿಯಲ್ಲಿಟ್ಟು ಜನವರಿ 6ರವರೆಗೆ ದಿನದಿನವೂ ಹತ್ತಿರಕ್ಕೆ ಸರಿಸುವ ಮನೆಗಳೂ ಇವೆ. ಇವೆಲ್ಲ ಮಕ್ಕಳಾಟದಂತೆ ಕಂಡರೂ, ಬರುವವನನ್ನು ಎದುರುನೋಡುವುದೇ ನಂಬಿಕೆಯ ಅರ್ಧ ಭಾಗ ಎಂಬ ಮಾತನ್ನು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಹೇಳುತ್ತವೆ. ನನ್ನ ಅಭಿಪ್ರಾಯದಲ್ಲಿ ಈಚಿನ ವರ್ಷಗಳಲ್ಲಿ ಹಬ್ಬ ಹೆಚ್ಚು ಕಳೆದುಕೊಂಡಿರುವುದು ಇದನ್ನೇ. ಅಂಗಡಿಗಳಲ್ಲಿ ನವೆಂಬರಿನಲ್ಲೇ ಶುರುವಾಗುವ ಕ್ರಿಸ್‌ಮಸ್ 25ರ ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ. 567ರಲ್ಲಿ ಇಂದಿನ ಫ್ರಾನ್ಸಿನ ಟೂರ್ ನಗರದಲ್ಲಿ ಸೇರಿದ ಬಿಷಪ್ಪರ ಸಮ್ಮೇಳನ ಜನನದಿಂದ ಜ್ಞಾನಿಗಳ ಹಬ್ಬದವರೆಗಿನ ಹನ್ನೆರಡು ದಿನಗಳನ್ನೂ ಹಬ್ಬವೆಂದೇ ಎಣಿಸಿತ್ತು. ಕಾಯುವುದು ಮೊದಲು, ಸಂಭ್ರಮ ಆಮೇಲೆ. ನಾವು ಆ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ಜಾಗ ಮಾಡಿಕೊಡುವುದು ಲೂಕನ ಒಂದೇ ಒಂದು ವಾಕ್ಯದಿಂದ ಬೆಳೆದದ್ದು: ಛತ್ರದಲ್ಲಿ ಅವರಿಗೆ ಸ್ಥಳ ಸಿಗಲಿಲ್ಲ. ಮೆಕ್ಸಿಕೊದಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ಸಂಜೆ ಜನರು ಜೋಸೆಫ್ ಮತ್ತು ಮರಿಯಳ ವೇಷದವರೊಡನೆಯೋ ಬೊಂಬೆಗಳೊಡನೆಯೋ ಬಾಗಿಲಿನಿಂದ ಬಾಗಿಲಿಗೆ ಹೋಗಿ ತಂಗಲು ಜಾಗ ಕೇಳಿ ಹಾಡುತ್ತಾರೆ. ಒಳಗಿನವರು ಹಾಡಿನಲ್ಲಿಯೇ ನಿರಾಕರಿಸುತ್ತಾರೆ. ಕಡೆಗೆ ಒಂದು ಮನೆ ಬಾಗಿಲು ತೆರೆಯುತ್ತದೆ, ಎಲ್ಲರಿಗೂ ಅಲ್ಲಿ ಊಟ. ಇಲ್ಲಿ ಗಮನಿಸಬೇಕಾದ ಸೊಗಸು ಏನೆಂದರೆ, ಅದೇ ನೆರೆಹೊರೆಯವರು ಒಂದು ಸಂಜೆ ಬೇಡುವವರಾಗುತ್ತಾರೆ, ಇನ್ನೊಂದು ಸಂಜೆ ‘ಇಲ್ಲ, ಹೋಗಿ’ ಎನ್ನುವವರಾಗುತ್ತಾರೆ. ಎರಡೂ ಮಾತುಗಳನ್ನು ತಮ್ಮ ಬಾಯಿಂದಲೇ ಆಡಿದ ಮಗುವಿಗೆ ಆ ವಾಕ್ಯವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಪೋಲೆಂಡಿನಲ್ಲಿ ಇದೇ ಮಾತು ಮನೆಯ ಊಟದ ಮೇಜಿಗೆ ಬಂದಿದೆ. ಡಿಸೆಂಬರ್ 24ರ ಸಂಜೆ ಮೊದಲ ನಕ್ಷತ್ರ ಕಾಣುವವರೆಗೆ ಊಟಕ್ಕೆ ಕೂರುವುದಿಲ್ಲ. ಹೊತ್ತು ಮುಳುಗುವಾಗ ಮಕ್ಕಳನ್ನು ಕಿಟಕಿಯ ಬಳಿ ನಿಲ್ಲಿಸುವುದು ರೂಢಿ. ಮೇಜುಬಟ್ಟೆಯ ಕೆಳಗೆ ಗೋದಲಿಯ ನೆನಪಿಗೆ ಸ್ವಲ್ಪ ಹುಲ್ಲು. ಮಾಂಸವಿಲ್ಲದ, ಸಾಮಾನ್ಯವಾಗಿ ಹನ್ನೆರಡು ಬಗೆಯ ಅಡುಗೆ. ಮನೆಯವರಿಗಿಂತ ಒಂದು ತಟ್ಟೆ ಹೆಚ್ಚು ಇಡುತ್ತಾರೆ. ಅದು ಅನಿರೀಕ್ಷಿತವಾಗಿ ಬರುವ ಅತಿಥಿಗೆ, ಎಷ್ಟೋ ಮನೆಗಳಲ್ಲಿ ಆ ವರ್ಷ ತೀರಿಕೊಂಡವರ ನೆನಪಿಗೂ ಹೌದು. ಊಟಕ್ಕೆ ಮೊದಲು ಪ್ರತಿಯೊಬ್ಬರೂ ಕೈಯಲ್ಲಿ ತೆಳುವಾದ ಬಿಳಿ ರೊಟ್ಟಿಯೊಂದನ್ನು ಹಿಡಿದು, ಒಬ್ಬೊಬ್ಬರ ಬಳಿಗೂ ಹೋಗಿ, ಅವರ ರೊಟ್ಟಿಯಿಂದ ಚೂರು ಮುರಿದುಕೊಂಡು, ತಮ್ಮದನ್ನು ಮುರಿದುಕೊಳ್ಳಲು ಕೊಟ್ಟು, ಮುಂದಿನ ವರ್ಷಕ್ಕೆ ಒಳ್ಳೆಯದನ್ನು ಹಾರೈಸುತ್ತಾರೆ. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರೂ ಆ ಸರದಿಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಕ್ಷಮೆ ಕೇಳು ಎಂದರೆ ಯಾರೂ ಕೇಳುವುದಿಲ್ಲ. ರೊಟ್ಟಿ ಮುರಿದುಕೋ ಎಂದರೆ ಮುರಿದುಕೊಳ್ಳುತ್ತಾರೆ. ಆಚರಣೆಗಳ ಶಕ್ತಿ ಇರುವುದೇ ಇಲ್ಲಿ: ಬಾಯಿಗೆ ಬಾರದ್ದನ್ನು ಕೈಯಿಂದ ಮಾಡಿಸುತ್ತವೆ.

ಮೂರನೆಯದು ಕೊಡುವುದು. ಉಡುಗೊರೆಯ ಬಗ್ಗೆ ಧರ್ಮಭೀರುಗಳು ಬಹಳ ಬೇಸರದಿಂದ ಮಾತನಾಡುತ್ತಾರೆ. ವ್ಯಾಪಾರದ ಅತಿರೇಕವನ್ನು ಕಂಡರೆ ಬೇಸರ ಸಹಜವೇ. ಆದರೂ ಅದನ್ನು ಬರೀ ಖರ್ಚೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಮನ್ಸಿ ಎಂಬ ನಗರದಲ್ಲಿ ಕ್ರಿಸ್‌ಮಸ್ ಉಡುಗೊರೆಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಥಿಯೊಡೋರ್ ಕ್ಯಾಪ್ಲೊ 1984ರಲ್ಲಿ ಬರೆದ ಪ್ರಬಂಧದಲ್ಲಿ, ಯಾರೂ ಬರೆದಿಡದ, ಯಾರೂ ಜಾರಿಗೆ ತರದ ನಿಯಮಗಳನ್ನು ಜನರು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆಂದು ತೋರಿಸಿದ. ತಂದೆತಾಯಿಗಳು ಎಲ್ಲ ಮಕ್ಕಳಿಗೂ ಸಮನಾಗಿ ಕೊಡಬೇಕು. ದೊಡ್ಡವರು ಚಿಕ್ಕವರಿಗೆ ಕೊಟ್ಟದ್ದಕ್ಕೆ ಅಷ್ಟೇ ಬೆಲೆಯ ಪ್ರತಿ ಉಡುಗೊರೆ ಬೇಡ. ಸಂಬಂಧ ಹತ್ತಿರವಾದಷ್ಟೂ ಉಡುಗೊರೆ ಹಿರಿದಾಗಬೇಕು. ನಮಗೆ ಮುಖ್ಯವಾದ, ಆದರೆ ಅಷ್ಟು ಭದ್ರವಲ್ಲದ ಸಂಬಂಧಗಳನ್ನು ವರ್ಷಕ್ಕೊಮ್ಮೆ ದೃಢಪಡಿಸಿಕೊಳ್ಳುವ ಬಗೆ ಇದು ಎಂಬುದು ಆತನ ತೀರ್ಮಾನ. ಅತ್ತೆಯವರು ಯಾರಿಗೆ ಯಾವ ಉಡುಗೊರೆ ಎಂದು ಅಷ್ಟು ಯೋಚಿಸುತ್ತಿದ್ದುದು ಏಕೆಂಬುದು ಇದರಿಂದ ನಿಮಗೆ ಹೊಳೆಯಬಹುದು.

ಕ್ರಿಸ್‌ಮಸ್ ತಾತನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. 1951ರ ಡಿಸೆಂಬರ್ 23ರಂದು ಫ್ರಾನ್ಸಿನ ದಿಜೋನ್ ನಗರದ ಮುಖ್ಯ ಚರ್ಚಿನ ಬಳಿ, ಅವನು ಹಬ್ಬವನ್ನು ಅನ್ಯಜನರದ್ದಾಗಿ ಮಾಡುತ್ತಿದ್ದಾನೆಂಬ ಆರೋಪ ಹೊರಿಸಿ, ಪಾದ್ರಿಗಳ ಒಪ್ಪಿಗೆಯೊಂದಿಗೆ ಅವನ ಪ್ರತಿಕೃತಿಯನ್ನು ನೇತುಹಾಕಿ ಸುಟ್ಟರು. ನಿಮ್ಮ ಮೈದುನರು ಅಷ್ಟು ದೂರ ಹೋಗಲಾರರು ಎಂದುಕೊಂಡಿದ್ದೇನೆ! ಮರುವರ್ಷ ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ಟ್ರಾಸ್ ಆ ಘಟನೆಯ ಬಗ್ಗೆ ಬರೆದ ಲೇಖನದಲ್ಲಿ, ಈ ತಾತ ಸಮಾಜವನ್ನು ಅವನನ್ನು ನಂಬುವ ಮಕ್ಕಳು ಮತ್ತು ಗುಟ್ಟು ತಿಳಿದ ಹಿರಿಯರು ಎಂದು ಎರಡು ಗುಂಪಾಗಿ ಬೇರ್ಪಡಿಸುತ್ತಾನೆ, ಒಂದರಿಂದ ಇನ್ನೊಂದಕ್ಕೆ ದಾಟುವುದು ದೀಕ್ಷೆಯಂಥದ್ದು ಎಂದು ವಿವರಿಸಿದ. ನಿಮ್ಮ ಮಗಳು ಈಗ ನಿಂತಿರುವುದು ಆ ಹೊಸ್ತಿಲಿನ ಆಚೆ ಬದಿಯಲ್ಲಿ. ಗುಟ್ಟು ತಿಳಿದಿದೆ, ಆದರೆ ಕೊಡುವವರ ಗುಂಪಿನಲ್ಲಿ ಅವಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ‘ಇದನ್ನೆಲ್ಲ ಯಾಕೆ ಮಾಡಬೇಕು’ ಎಂಬ ಪ್ರಶ್ನೆಗೆ ಒಂದು ಕಾರಣ ಅದೂ ಇರಬಹುದು. ಈ ವರ್ಷ ಮನೆಯ ಚಿಕ್ಕ ಮಕ್ಕಳ ಉಡುಗೊರೆಗಳನ್ನು ಆರಿಸಿ, ಕಾಗದ ಸುತ್ತಿ, ಗುಟ್ಟಾಗಿ ಇಡುವ ಪೂರ್ಣ ಜವಾಬ್ದಾರಿಯನ್ನು ಅವಳಿಗೆ ಕೊಟ್ಟು ನೋಡಿ.

ಇಲ್ಲಿಗೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ ಮಾತಿಗೆ ಬರುತ್ತೇನೆ. ಎಲ್ಲವೂ ಅತ್ತೆಯವರದೇ ಕೆಲಸವಾಗಿತ್ತು, ಈಗ ನನ್ನ ಮೇಲೆ ಬಿದ್ದಿದೆ ಎಂದಿದ್ದೀರಿ. ಹಬ್ಬಗಳನ್ನು ನಡೆಸುವುದು, ಯಾರ ಮನೆಗೆ ಯಾವಾಗ ಹೋಗಬೇಕೆಂದು ನೆನಪಿಡುವುದು, ಪತ್ರ ಬರೆಯುವುದು, ಮುನಿದವರನ್ನು ಕರೆಯುವುದು, ಇವೆಲ್ಲ ಬಂಧುತ್ವವನ್ನು ಕಟ್ಟಿ ನಿಲ್ಲಿಸುವ ನಿಜವಾದ ದುಡಿಮೆ, ಅದು ಹೆಚ್ಚಾಗಿ ಹೆಂಗಸರ ಮೇಲೆಯೇ ಬೀಳುತ್ತದೆ, ದುಡಿಮೆಯೆಂದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ 1987ರಲ್ಲಿ ತೋರಿಸಿಕೊಟ್ಟರು. ನಿಮ್ಮ ಮನೆಯಲ್ಲಿ ಎಲ್ಲವೂ ಒಬ್ಬರ ಕೈಯಲ್ಲಿದ್ದುದರಿಂದಲೇ, ಆ ಕೈ ಹೋದ ಕೂಡಲೇ ಉಳಿದವರೆಲ್ಲ ಅರ್ಥದ ಪ್ರಶ್ನೆ ಎತ್ತಿದ್ದಾರೆ. ಹಬ್ಬದಲ್ಲಿ ತನಗೊಂದು ಪಾತ್ರವಿದ್ದವನು ಅದರ ಅರ್ಥವೇನೆಂದು ಹೊರಗಿನಿಂದ ಕೇಳುವುದು ಕಡಿಮೆ.

ಆಚರಣೆಗಳು ಉಳಿಯುವುದು ನಿಜವಾಗಿಯೂ ಅಷ್ಟು ಮುಖ್ಯವೇ ಎಂದು ನೀವು ಕೇಳಬಹುದು. ಸ್ಟೀವನ್ ವೋಲಿನ್ ಮತ್ತು ಲಿಂಡಾ ಬೆನೆಟ್ ಎಂಬ ಸಂಶೋಧಕರು ತಮ್ಮ ಸಂಗಡಿಗರೊಡನೆ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆಯ ಅಥವಾ ತಾಯಿಯ ಕುಡಿತದ ಚಟದಿಂದ ಬಳಲುತ್ತಿದ್ದ ಕುಟುಂಬಗಳನ್ನು ಪರಿಶೀಲಿಸಿದರು. ರಾತ್ರಿಯ ಊಟ, ಹಬ್ಬಗಳಂಥ ಆಚರಣೆಗಳನ್ನು ಕುಡಿತ ಕೆಡಿಸಲು ಬಿಡದೆ ಕಾಪಾಡಿಕೊಂಡ ಕುಟುಂಬಗಳಲ್ಲಿ ಆ ಚಟ ಮಕ್ಕಳಿಗೆ ದಾಟುವುದು ಕಡಿಮೆಯಾಗಿ ಕಂಡಿತು. ಇಂಥ ಸಂಶೋಧನೆಗಳ ಐವತ್ತು ವರ್ಷಗಳ ಫಲವನ್ನು 2002ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದ ಬಾರ್ಬರಾ ಫೀಸಿ ಮತ್ತು ಸಂಗಡಿಗರು ದಿನಚರಿ ಮತ್ತು ಆಚರಣೆಗಳ ನಡುವೆ ಒಂದು ಗೆರೆ ಎಳೆದರು: ದಿನಚರಿ ಎಂದರೆ ಏನು ಮಾಡಬೇಕು ಎಂಬುದು, ಮಾಡಿ ಮುಗಿಸಿದರೆ ಮರೆತರೂ ಆಯಿತು, ಆಚರಣೆ ಎಂದರೆ ನಾವು ಯಾರು ಎಂಬುದು, ಮುಗಿದ ಮೇಲೂ ನೆನಪಾಗಿ ಮರಳಿ ಬರುತ್ತದೆ. ಒಂದೇ ಕೆಲಸ ಒಬ್ಬರಿಗೆ ಆಚರಣೆಯೂ ಇನ್ನೊಬ್ಬರಿಗೆ ಬರೀ ದಿನಚರಿಯೂ ಆಗಿರಬಹುದು.

ಆದುದರಿಂದ ಯಾವುದನ್ನು ಉಳಿಸಬೇಕೆಂದು ನಾನು ಇಲ್ಲಿಂದ ಪಟ್ಟಿ ಕೊಡಲಾರೆ. ಅದು ನಿಮ್ಮ ಮನೆಯವರಿಂದಲೇ ಬರಬೇಕು. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ: ಯಾವುದೊಂದು ಇಲ್ಲದಿದ್ದರೆ ನಿಮಗೆ ಇದು ಕ್ರಿಸ್‌ಮಸ್ ಅನ್ನಿಸುವುದಿಲ್ಲ? ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ಮೊದಲು ಮಾತನಾಡಿದವರ ಉತ್ತರವೇ ಎಲ್ಲರದ್ದೂ ಆಗುತ್ತದೆ. ನೀವು ಅತಿ ಮುಖ್ಯವೆಂದು ತಿಳಿದು ದಣಿಯುತ್ತಿರುವ ಕೆಲಸವನ್ನು ಯಾರೂ ಹೆಸರಿಸದೆ, ಪೂಜೆ ಮುಗಿಸಿ ಬಂದು ರಾತ್ರಿ ಎಲ್ಲರೂ ಅಡುಗೆಮನೆಯಲ್ಲಿ ನಿಂತು ಮಾತನಾಡುವ ಅರ್ಧ ಗಂಟೆಯಂಥದ್ದನ್ನು ಹೆಸರಿಸಿದರೆ ಆಶ್ಚರ್ಯಪಡಬೇಡಿ. ಯಾರ ಉತ್ತರದಲ್ಲೂ ಬಾರದ್ದನ್ನು ಈ ವರ್ಷ ಕೈಬಿಟ್ಟರೆ ಅತ್ತೆಯವರಿಗೆ ದ್ರೋಹವಾಗುವುದಿಲ್ಲ. ಅವರು ಸಹ ತಮ್ಮ ಅತ್ತೆಯಿಂದಲೋ ತಾಯಿಯಿಂದಲೋ ಬಂದದ್ದರಲ್ಲಿ ಕೆಲವನ್ನು ಬಿಟ್ಟು ಕೆಲವನ್ನು ಸೇರಿಸಿಯೇ ನಿಮಗೆ ಕಂಡ ಹಬ್ಬವನ್ನು ರೂಪಿಸಿದ್ದರು.

ಸಾವಿನ ನಂತರದ ಮೊದಲ ಹಬ್ಬದಲ್ಲಿ ಎರಡು ಅತಿಗಳಿಗೆ ಮನಸ್ಸು ಎಳೆಯುತ್ತದೆ: ಏನೂ ಬೇಡವೆಂದು ಎಲ್ಲವನ್ನೂ ನಿಲ್ಲಿಸುವುದು, ಅಥವಾ ಅವರಿದ್ದಾಗ ಇದ್ದಂತೆಯೇ ಎಲ್ಲವನ್ನೂ ಒಂದು ಚೂರೂ ಬದಲಿಸದೆ ನಡೆಸುವುದು. ಎರಡರಲ್ಲಿಯೂ ಅವರ ಹೆಸರನ್ನು ಬಾಯಿಬಿಟ್ಟು ಹೇಳುವ ಅವಕಾಶ ತಪ್ಪಿಹೋಗುತ್ತದೆ. ಅವರ ಕೆಲಸಗಳಲ್ಲಿ ಒಂದನ್ನಾದರೂ ‘ಇದು ಅಜ್ಜಿಯ ಕೆಲಸ’ ಎಂದು ಹೇಳಿಯೇ ಮೊಮ್ಮಗಳ ಕೈಗೆ ಒಪ್ಪಿಸಿ. ಉಳಿದವನ್ನು ಹಂಚಿ, ಪತಿಯವರಿಗೂ ಪಾಲಿರಲಿ. ಮರದ ಬಗ್ಗೆ ಮೈದುನರ ಮನಸ್ಸಾಕ್ಷಿ ನಿಜವಾಗಿಯೂ ಒಪ್ಪದಿದ್ದರೆ ಅವರಿಂದ ಮರ ಕಟ್ಟಿಸಬೇಡಿ, ಗೋದಲಿಯನ್ನು ಅವರಿಗೇ ಬಿಡಿ. ಒಬ್ಬನು ಒಂದು ದಿನವನ್ನು ವಿಶೇಷವೆಂದು ಎಣಿಸುತ್ತಾನೆ, ಇನ್ನೊಬ್ಬನು ಎಲ್ಲ ದಿನಗಳನ್ನೂ ಸಮಾನವೆಂದು ಎಣಿಸುತ್ತಾನೆ, ಅವರವರ ಮನಸ್ಸಿನಲ್ಲಿ ನಿಶ್ಚಯವಿದ್ದರೆ ಸಾಕು ಎಂಬ ಅರ್ಥದ ಮಾತನ್ನು ಪೌಲನು ರೋಮನ್ನರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿಯೇ ಹೇಳಿದ್ದಾನೆ. ಬೈಬಲಿನ ಆಧಾರ ಕೇಳುವವರಿಗೆ ಇದು ಒಪ್ಪಿಗೆಯಾಗಬೇಕು.

ಮಗಳೊಡನೆ ಲೂಕನ ಎರಡನೇ ಅಧ್ಯಾಯವನ್ನೂ ಮತ್ತಾಯನ ಎರಡನೇ ಅಧ್ಯಾಯವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಮನೆಯ ಗೋದಲಿಯಲ್ಲಿ ಇರುವವರಲ್ಲಿ ಯಾರು ಯಾವ ಸುವಾರ್ತೆಯಿಂದ ಬಂದರು, ಯಾರು ಎರಡರಲ್ಲೂ ಇಲ್ಲ ಎಂದು ಅವಳೇ ಪತ್ತೆಹಚ್ಚಲಿ. ಜ್ಞಾನಿಗಳು ಮೂವರೆಂದು ಮತ್ತಾಯ ಎಲ್ಲಿಯೂ ಹೇಳಿಲ್ಲ, ಅವರು ಬಂದದ್ದು ಕೊಟ್ಟಿಗೆಗಲ್ಲ, ಮನೆಗೆ ಎಂಬುದನ್ನು ಕಂಡು ಅವಳಿಗೆ ಖುಷಿಯಾಗಬಹುದು. ಆಮೇಲೆ, ಗೋದಲಿಗೆ ಹೊಸದಾಗಿ ಒಂದು ಬೊಂಬೆ ಸೇರಿಸುವುದಾದರೆ ಅದು ಯಾರದ್ದಾಗಿರಬೇಕು ಎಂದು ಕೇಳಿ, ಅವಳು ಹೇಳಿದ್ದನ್ನು ಮಣ್ಣಿನಲ್ಲೋ ಕಾಗದದಲ್ಲೋ ಅವಳಿಂದಲೇ ಮಾಡಿಸಿ. ಇದನ್ನೆಲ್ಲ ಆಗಮನ ಕಾಲದ ಮೊದಲ ವಾರದಲ್ಲಿಯೇ ಶುರುಮಾಡುವುದು ಒಳ್ಳೆಯದು. 24ರ ಸಂಜೆಯವರೆಗೆ ಬಿಟ್ಟರೆ ಹಂಚಿದ ಕೆಲಸಗಳೆಲ್ಲ ಮತ್ತೆ ನಿಮ್ಮ ಕೈಗೇ ಬಂದು ಸೇರುತ್ತವೆ.